ಅಟ್ಟದ ಮೇಲಿರುವುದನ್ನು ಇಳಿಸು, ಮಗಳೇ

ತುರುವೇಕೆರೆ

ಪ್ರೀತಿಯ ಸೋದರ ಸೊಸೆಗೆ,

ನೀನು ಕಳಿಸಿದ ರೆಸ್ಯೂಮೆ ಮೂರು ಸಲ ಓದಿದೆ. ಒಪ್ಪವಾಗಿದೆ, ಒಂದಕ್ಷರ ತಪ್ಪಿಲ್ಲ. ಆದರೆ ಎಷ್ಟು ಹುಡುಕಿದರೂ ಅದರಲ್ಲಿ ನೀನು ಸಿಗಲಿಲ್ಲ. ‘ಲೆಕ್ಕ ಬರೆಯುವುದು, ಪಟ್ಟಿ ತಯಾರಿಸುವುದು, ರೈತರೊಂದಿಗೆ ವ್ಯವಹರಿಸುವುದು’ ಎಂದು ಮೂರು ವರ್ಷದ ದುಡಿಮೆಯನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀಯ. ತಿಪಟೂರಿನ ಯಾವ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರಾದರೂ ಈ ಸಾಲು ಬರೆಯಬಹುದು.

ಹೋದ ಯುಗಾದಿಗೆ ಬಂದಾಗ ಜಗಲಿ ಮೇಲೆ ಕೂತು ನೀನು ಹೇಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಮಂಡಿಯಲ್ಲಿ ತೂಕ ಮುಗಿದರೂ ಲೆಕ್ಕದ ಪಟ್ಟಿ ಕೈಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು, ಹುಳಿಯಾರು ಕಡೆಯ ರೈತರಿಗೆ ಬಸ್ಸು ತಪ್ಪುತ್ತಿತ್ತು. ಒಬ್ಬ ಮುದುಕರು ಖಾಲಿ ಚೀಲ ತಲೆಗಿಟ್ಟುಕೊಂಡು ಮಂಡಿ ಮುಂದೆಯೇ ಮಲಗಿದ್ದನ್ನು ನೋಡಿ ನಿನಗೆ ತಡೆಯಲಾಗಲಿಲ್ಲ. ತೂಕ, ದರ, ಹಮಾಲಿ, ಮುಂಗಡ ಎಲ್ಲವನ್ನೂ ಕಂಪ್ಯೂಟರಿನ ಒಂದೇ ಹಾಳೆಗೆ ತಂದೆ. ಆಮೇಲೆ ತೂಕವಾದ ಒಂದು ಗಂಟೆಯೊಳಗೆ ಪಟ್ಟಿ ಸಿಗುವಂತಾಯಿತು. ಇದು ಸಣ್ಣ ಕೆಲಸವೇ? ನಿನ್ನ ರೆಸ್ಯೂಮೆಯಲ್ಲಿ ಇದರ ಸುಳಿವೇ ಇಲ್ಲವಲ್ಲ!

‘ನಮ್ಮ ಬಗ್ಗೆ ನಾವೇ ಹೇಳಿಕೊಳ್ಳೋದಾ ಮಾವ’ ಅಂತೀಯ. ಗೊತ್ತು, ನಮ್ಮ ಮನೆಗಳಲ್ಲಿ ಹಾಗೇ ಬೆಳೆಸಿದ್ದೇವೆ. ಆದರೆ ಯೋಚಿಸು. ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಗ ಇಳಿಸಿ, ಸುಲಿದು, ಚಿಪ್ಪು ಒಡೆದು ಮಾರುಕಟ್ಟೆಗೆ ಒಯ್ಯುತ್ತೇವೆ. ಅದನ್ನು ಯಾರೂ ಜಂಬ ಅನ್ನುವುದಿಲ್ಲ. ಅಟ್ಟದ ಮೇಲೇ ಬಿಟ್ಟರೆ ಎಂಥ ಕೊಬ್ಬರಿಗೂ ಬೆಲೆ ಕಟ್ಟುವವರಿಲ್ಲ.

ಈ ಮಾತು ನಾನು ಪೆಟ್ಟು ತಿಂದು ಕಲಿತದ್ದು. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದಾಗ, ಎರಡು ವರ್ಷದಿಂದ ತಾಳೆಯಾಗದೆ ಬಿದ್ದಿದ್ದ ಸಾಲದ ಖಾತೆಗಳನ್ನು ರಾತ್ರಿ ಲಾಟೀನು ಹಚ್ಚಿಕೊಂಡು ಸರಿಪಡಿಸಿದ್ದೆ. ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕುವಾಗ ಓದು, ಸೇವಾವಧಿ ಇಷ್ಟೇ ಬರೆದೆ. ಮಾಡಿದ ಕೆಲಸ ಆಯ್ಕೆ ಮಾಡುವವರಿಗೆ ತಾನಾಗಿಯೇ ಕಾಣುತ್ತದೆ ಅಂದುಕೊಂಡಿದ್ದೆ. ಹುದ್ದೆ ಬೇರೆಯವರಿಗಾಯಿತು. ಮುಂದೆ ನಾನೇ ಅರ್ಜಿಗಳನ್ನು ಓದುವ ಜಾಗದಲ್ಲಿ ಕೂತಾಗ ಅರ್ಥವಾಯಿತು: ಓದುವವನ ಮುಂದಿರುವುದು ಹಾಳೆ ಮಾತ್ರ. ಅದರಲ್ಲಿಲ್ಲದ್ದು ಅವನ ಪಾಲಿಗೆ ನಡೆದೇ ಇಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಕೊಬ್ಬರಿಯ ಬೆಲೆಯನ್ನೇ ನೋಡು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ, ಎಣ್ಣೆ ತೆಗೆಯುವ ಹೋಳು ಕೊಬ್ಬರಿಗೆ 11,160 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಎರಡೂ ತೆಂಗಿನ ತಿರುಳೇ, ಇಡಿಯಾಗಿರುವುದಕ್ಕೆ ಬೆಲೆ ಹೆಚ್ಚು. ನೀನು ನಿನ್ನ ಕೆಲಸವನ್ನು ಹೋಳು ಮಾಡಿ ಇಟ್ಟಿದ್ದೀಯ. ಇಡಿಯಾಗಿ ಇಡು. ಏನು ಸಾಧಿಸಿದೆ, ಅದನ್ನು ಅಳೆಯುವುದು ಯಾವುದರಿಂದ, ಅದಕ್ಕಾಗಿ ಏನು ಮಾಡಿದೆ, ಈ ಮೂರೂ ಒಂದೇ ಸಾಲಿನಲ್ಲಿ ಸೇರಲಿ. ಗೂಗಲ್ ಕಂಪನಿಯ ನೇಮಕಾತಿಗಳ ಹೊಣೆ ಹೊತ್ತಿದ್ದ ಲಾಸ್ಲೋ ಬಾಕ್ ಕೂಡ ಉದ್ಯೋಗಾರ್ಥಿಗಳಿಗೆ ಕೊಟ್ಟ ಸೂತ್ರ ಇದೇ. ನಿನ್ನ ಸಾಲು ಹೀಗಿರಲಿ:

‘ಕೈಬರಹದ ರೈತರ ಪಟ್ಟಿಯನ್ನು ಕಂಪ್ಯೂಟರಿಗೆ ತಂದು, ಸಂಜೆಯವರೆಗೆ ಕಾಯಬೇಕಿದ್ದ ಪಟ್ಟಿ ತೂಕವಾದ ಒಂದು ಗಂಟೆಯೊಳಗೆ ಸಿಗುವಂತೆ ಮಾಡಿದೆ, ಇಬ್ಬರು ಸಹೋದ್ಯೋಗಿಗಳಿಗೆ ಈ ಕ್ರಮ ಕಲಿಸಿದೆ.’

ಇದನ್ನು ಎಲ್ಲಕ್ಕಿಂತ ಮೇಲೆ ಹಾಕು. ಗಣೇಶನ ಹಬ್ಬದ ರಂಗೋಲಿ ಬಹುಮಾನ ಬೇಡ. ‘ಶ್ರಮಜೀವಿ’, ‘ಪ್ರಾಮಾಣಿಕಳು’ ಎಂಬ ಬಿರುದುಗಳೂ ಬೇಡ; ಮೇಲಿನ ಸಾಲು ಓದಿದವರಿಗೆ ನಿನ್ನ ಗುಣ ತಾನೇ ತಿಳಿಯುತ್ತದೆ. ಹುದ್ದೆಯಿಂದ ಹುದ್ದೆಗೆ ಸಾಲುಗಳ ಕ್ರಮ ಬದಲಿಸು. ಬ್ಯಾಂಕಿನವರಿಗೆ ಲೆಕ್ಕದ ಕೆಲಸ ಮೊದಲು ಕಾಣಲಿ, ರೈತ ಉತ್ಪಾದಕರ ಕಂಪನಿಗೆ ರೈತರೊಂದಿಗಿನ ಒಡನಾಟ ಮೊದಲು ಕಾಣಲಿ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಚೀಲದ ಬಾಯಲ್ಲಿ ದಪ್ಪ ಉಂಡೆ ಜೋಡಿಸಿ ತಳದಲ್ಲಿ ಕೌಟು ಕೊಬ್ಬರಿ ತುಂಬಿದವರನ್ನು ನಾನು ನೋಡಿದ್ದೇನೆ. ಖರೀದಿದಾರ ಮೇಲಿನದನ್ನು ನೋಡಿ ಸುಮ್ಮನಾಗುವುದಿಲ್ಲ, ಮೊಣಕೈವರೆಗೂ ಕೈ ಇಳಿಸಿ ತಳದಿಂದ ಒಂದು ತೆಗೆಯುತ್ತಾನೆ. ಸಂದರ್ಶನವೆಂದರೆ ಆ ಕೈ. ಯಾವ ಅಂಕಿಗೆ ಪುಸ್ತಕ ತೆರೆದು ತೋರಿಸಬಲ್ಲೆಯೋ ಅದನ್ನಷ್ಟೇ ಬರೆ. ನಾಲ್ಕು ಜನ ಸೇರಿ ಮಾಡಿದ್ದರೆ ಹಾಗೆಂದೇ ಹೇಳಿ, ಅದರಲ್ಲಿ ನಿನ್ನ ಪಾಲು ಎಷ್ಟೆಂದು ತಿಳಿಸು.

ಬರುವ ಭಾನುವಾರ ಬಾ. ದಿನಕ್ಕೆ ಎಷ್ಟು ಪಟ್ಟಿ ಬರೆಯುತ್ತಿದ್ದೆ, ಎಷ್ಟು ರೈತರಿಗೆ, ತಪ್ಪು ಲೆಕ್ಕದ ದೂರುಗಳು ಎಷ್ಟು ಕಡಿಮೆಯಾದವು ಅಂತ ನೆನಪಿಸಿಕೊಂಡು ಒಂದು ಚೀಟಿಯಲ್ಲಿ ಬರೆದು ತಾ. ಕೂತು ಸಾಲು ಸಾಲಾಗಿ ತಿದ್ದೋಣ. ಆ ಮುದುಕರು ಈಗ ಹಗಲಿನ ಬಸ್ಸಿಗೇ ಊರು ಸೇರುತ್ತಾರಲ್ಲ, ಅದು ನಿನ್ನ ಕೈಯಿಂದ ಆದದ್ದು ಮಗಳೇ. ಹೇಳಿಕೊಳ್ಳಲು ನಾಚಬೇಡ.

ಇಂತಿ,
ನಿನ್ನ ಸೋದರಮಾವ