ಡೇಟಾಬೇಸ್ ಸರ್ವರ್ ಮತ್ತು ಮೆಮೊರಿಯ ಮಿತಿ: ಆಪರೇಟಿಂಗ್ ಸಿಸ್ಟಮ್ ಆಯ್ಕೆಯ ಅನುಭವದಿಂದ ಕಲಿತ ಪಾಠಗಳು

ಡೇಟಾಬೇಸ್ ಸರ್ವರ್‌ಗೆ ಆಪರೇಟಿಂಗ್ ಸಿಸ್ಟಮ್ ಆರಿಸುವಾಗ ಚರ್ಚೆಯೆಲ್ಲ ಸಾಮಾನ್ಯವಾಗಿ ಬೆಲೆ, ಭದ್ರತೆ ಮತ್ತು ಸಿಬ್ಬಂದಿಗೆ ರೂಢಿಯಾಗಿರುವ ಪರಿಸರ ಇವುಗಳ ಸುತ್ತಲೇ ನಡೆಯುತ್ತದೆ. ಆ ಸಿಸ್ಟಮ್ ಎಷ್ಟು ಮೆಮೊರಿಯನ್ನು ಗುರುತಿಸಬಲ್ಲದು, ಗುರುತಿಸಿದ ಮೆಮೊರಿಯಲ್ಲಿ ಡೇಟಾಬೇಸ್‌ನ ಪಾಲಿಗೆ ಎಷ್ಟು ಬರುತ್ತದೆ ಎಂಬ ಪ್ರಶ್ನೆ ಏಳುವುದು ಮಾತ್ರ ಯಂತ್ರ ಬಂದು ಕೂತ ಮೇಲೆ. ಈ ಕ್ರಮ ತಿರುಗಬೇಕು ಎಂಬುದೇ ಈ ಲೇಖನದ ವಾದ. ಡೇಟಾಬೇಸ್‌ನ ವೇಗ ಬಹುಪಾಲು ನಿಂತಿರುವುದು ಬಫರ್ ಪೂಲ್ ಮೇಲೆ, ಅಂದರೆ ಡಿಸ್ಕ್‌ನಿಂದ ಒಮ್ಮೆ ಓದಿದ ದತ್ತಾಂಶದ ಪುಟಗಳನ್ನು ಮತ್ತೆ ಬೇಕಾದಾಗ ಕೂಡಲೇ ಸಿಗುವಂತೆ ಮೆಮೊರಿಯಲ್ಲಿ ಉಳಿಸಿಕೊಳ್ಳುವ ಜಾಗದ ಮೇಲೆ. ಮೆಮೊರಿಯಿಂದ ಒಂದು ಪದವನ್ನು ಓದಲು ನೂರು ನ್ಯಾನೊಸೆಕೆಂಡ್‌ನ ಆಸುಪಾಸು ಸಾಕಾದರೆ, ತಿರುಗುವ ಡಿಸ್ಕ್‌ನ ಯಾವುದೋ ಮೂಲೆಯಿಂದ ಒಂದು ಪುಟವನ್ನು ತರಲು ಹಲವು ಮಿಲಿಸೆಕೆಂಡ್‌ಗಳೇ ಬೇಕು. ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು 1987ರಲ್ಲಿ ಮಂಡಿಸಿದ ಐದು ನಿಮಿಷಗಳ ನಿಯಮ ಈ ಅಂತರವನ್ನು ಹಣದ ಲೆಕ್ಕಕ್ಕೆ ಇಳಿಸಿತು: ಅಂದಿನ ಬೆಲೆಗಳಲ್ಲಿ, ಸುಮಾರು ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವನ್ನು ಮೆಮೊರಿಯಲ್ಲೇ ಇಡುವುದು ಡಿಸ್ಕ್‌ನಿಂದ ಮತ್ತೆ ಮತ್ತೆ ಓದುವುದಕ್ಕಿಂತ ಅಗ್ಗ ಎಂಬುದು ಅದರ ಸಾರ.

ಮೆಮೊರಿಯ ಮಿತಿ ಎಂಬುದು ಒಂದೇ ಅಂಕಿಯಲ್ಲ. ಪ್ರೊಸೆಸರ್ ವಿಳಾಸ ಕೊಡಬಲ್ಲ ಜಾಗ, ಕರ್ನಲ್ ಆ ಜಾಗವನ್ನು ಹಂಚುವ ರೀತಿ, ಆಪರೇಟಿಂಗ್ ಸಿಸ್ಟಮ್‌ನ ಎಡಿಷನ್‌ಗೆ ಲೈಸೆನ್ಸ್ ವಿಧಿಸಿದ ಗರಿಷ್ಠ ಪ್ರಮಾಣ, ಡೇಟಾಬೇಸ್‌ನ ಎಡಿಷನ್‌ಗೆ ವಿಧಿಸಿದ ಗರಿಷ್ಠ ಪ್ರಮಾಣ ಇವೆಲ್ಲ ಒಂದರ ಮೇಲೊಂದು ಕೂತಿರುತ್ತವೆ, ಮತ್ತು ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ಅಂತಿಮವಾಗಿ ನಡೆಯುತ್ತದೆ.

32 ಬಿಟ್ ಕಾಲದ ಸಂಗತಿಗಳನ್ನು ಹಳೆಯ ಕಥೆಯೆಂದು ತಳ್ಳಿಹಾಕುವವರಿದ್ದಾರೆ. ಆದರೆ ಈ ಪದರಗಳೆಲ್ಲ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುತ್ತಿದ್ದುದು ಆ ಕಾಲದಲ್ಲೇ ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ. 32 ಬಿಟ್‌ಗಳಿಂದ ಕೊಡಬಹುದಾದ ವಿಳಾಸಗಳ ವ್ಯಾಪ್ತಿ 4 ಜಿಬಿ. ಅದರಲ್ಲಿ 2 ಜಿಬಿಯನ್ನು ವಿಂಡೋಸ್ ಕರ್ನಲ್ ತನಗೇ ಇಟ್ಟುಕೊಂಡು, ಉಳಿದ 2 ಜಿಬಿಯನ್ನು ಪ್ರತಿ ಪ್ರೊಸೆಸ್‌ಗೆ, ಎಂದರೆ ಚಾಲನೆಯಲ್ಲಿರುವ ಪ್ರತಿಯೊಂದು ಪ್ರೋಗ್ರಾಮ್‌ಗೆ, ಬಿಟ್ಟುಕೊಡುತ್ತಿತ್ತು. ಬೂಟ್ ಕಡತದಲ್ಲಿ 3ಜಿಬಿ ಎಂಬ ಸ್ವಿಚ್ ಸೇರಿಸಿದರೆ ಪ್ರೊಸೆಸ್‌ಗೆ 3 ಜಿಬಿ ದಕ್ಕುತ್ತಿತ್ತಾದರೂ ಕರ್ನಲ್ 1 ಜಿಬಿಗೆ ಇಕ್ಕಟ್ಟಾಗುತ್ತಿತ್ತು; ಯಂತ್ರದ ಮೆಮೊರಿ 16 ಜಿಬಿಯನ್ನು ಮೀರಿದರಂತೂ ಆ ಮೆಮೊರಿಯ ಲೆಕ್ಕ ಇಡುವುದಕ್ಕೇ ಕರ್ನಲ್‌ಗೆ 2 ಜಿಬಿ ಬೇಕಾಗುತ್ತಿದ್ದುದರಿಂದ ಈ ಸ್ವಿಚ್ ಬಳಸುವಂತೆಯೇ ಇರಲಿಲ್ಲ. ಇಂಟೆಲ್ ಕಂಪನಿಯು 1995ರ ಪೆಂಟಿಯಮ್ ಪ್ರೊ ಪ್ರೊಸೆಸರ್‌ನೊಂದಿಗೆ ಭೌತಿಕ ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸಿ 64 ಜಿಬಿವರೆಗೆ ದಾರಿ ತೆರೆದಿತ್ತು. ಈ ಪಿಎಇ ಸೌಲಭ್ಯದಿಂದ ಯಂತ್ರಕ್ಕೆ ಮೆಮೊರಿ ಹೆಚ್ಚಿತೇ ಹೊರತು ಒಂದು ಪ್ರೊಸೆಸ್ ಒಮ್ಮೆಗೆ ನೋಡಬಲ್ಲ ಜಾಗ ಹೆಚ್ಚಲಿಲ್ಲ. ಆ ಕೊರತೆಯನ್ನು ತುಂಬಲು ವಿಂಡೋಸ್ 2000ದಲ್ಲಿ ಬಂದದ್ದು ಎಡಬ್ಲ್ಯುಇ ಎಂಬ ವ್ಯವಸ್ಥೆ: ಹೊರಗಿರುವ ಮೆಮೊರಿಯ ಬೇಕಾದ ಭಾಗವನ್ನು ಪ್ರೊಸೆಸ್ ತನ್ನ ವಿಳಾಸದೊಳಕ್ಕೆ ತಂದುಕೊಂಡು, ಕೆಲಸ ಮುಗಿದ ಮೇಲೆ ಇನ್ನೊಂದು ಭಾಗವನ್ನು ತಂದುಕೊಳ್ಳುವ ಏರ್ಪಾಡು. ಗೋದಾಮು ಎಷ್ಟೇ ದೊಡ್ಡದಾದರೂ ವ್ಯಾಪಾರವೆಲ್ಲ ಅಂಗಡಿಯ ಕಟ್ಟೆಯ ಮೇಲೆಯೇ ನಡೆಯಬೇಕಾದ ಸ್ಥಿತಿ ಅದು.

ಕರ್ನಲ್ ಒಂದೇ ಆಗಿದ್ದರೂ ಎಡಿಷನ್‌ಗೆ ತಕ್ಕಂತೆ ಮಿತಿ ಬದಲಾಗುತ್ತಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 32 ಬಿಟ್ ವಿಂಡೋಸ್ ಸರ್ವರ್ 2003ರ ಸ್ಟ್ಯಾಂಡರ್ಡ್ ಎಡಿಷನ್ 4 ಜಿಬಿಯಲ್ಲಿ ನಿಲ್ಲುತ್ತಿದ್ದರೆ ಎಂಟರ್‌ಪ್ರೈಸ್ ಎಡಿಷನ್ 32 ಜಿಬಿವರೆಗೆ ಹೋಗುತ್ತಿತ್ತು. ಎಸ್‌ಕ್ಯುಎಲ್ ಸರ್ವರ್ 2000ದ ಸ್ಟ್ಯಾಂಡರ್ಡ್ ಎಡಿಷನ್ ಯಂತ್ರದಲ್ಲಿ ಎಷ್ಟೇ ಮೆಮೊರಿ ಇರಲಿ 2 ಜಿಬಿಯನ್ನು ದಾಟುತ್ತಿರಲಿಲ್ಲ, ಎಡಬ್ಲ್ಯುಇ ಬೇಕೆಂದರೆ ಅದರ ಎಂಟರ್‌ಪ್ರೈಸ್ ಎಡಿಷನ್ ಅನ್ನೇ ಕೊಳ್ಳಬೇಕಿತ್ತು. ಹೀಗಾಗಿ 8 ಜಿಬಿ ಮೆಮೊರಿಯ ಯಂತ್ರವೊಂದಕ್ಕೆ ಎರಡೂ ಕಡೆ ಸ್ಟ್ಯಾಂಡರ್ಡ್ ಎಡಿಷನ್ ಹಾಕಿದಲ್ಲಿ ಡೇಟಾಬೇಸ್ ಬಳಸುತ್ತಿದ್ದುದು ಕೊಟ್ಟ ಹಣದ ಮೆಮೊರಿಯ ಕಾಲು ಭಾಗವನ್ನು ಮಾತ್ರ. ಲೇಖಕನ ಅನುಭವದಲ್ಲಿ ಇದು ಅಪರೂಪದ ಸಂಗತಿಯಲ್ಲ. ಹಾರ್ಡ್‌ವೇರ್ ಕೊಳ್ಳುವ ವಿಭಾಗ ಬೇರೆ, ಲೈಸೆನ್ಸ್ ಕೊಳ್ಳುವ ವಿಭಾಗ ಬೇರೆ ಆಗಿರುವ ಕಚೇರಿಗಳಲ್ಲಿ ಇದು ಸಹಜವೆಂಬಂತೆ ನಡೆಯುತ್ತಿತ್ತು.

ಎಂಟರ್‌ಪ್ರೈಸ್ ಎಡಿಷನ್ ಕೊಂಡವರಿಗೂ ದಾರಿ ಸುಗಮವಾಗಿರಲಿಲ್ಲ. ಎಡಬ್ಲ್ಯುಇ ಮೆಮೊರಿಯಲ್ಲಿ ಇಡಬಹುದಾಗಿದ್ದುದು ದತ್ತಾಂಶದ ಪುಟಗಳನ್ನು ಮಾತ್ರ. ಕ್ವೆರಿಗಳ ಯೋಜನೆಗಳು, ಬೀಗಗಳ ಪಟ್ಟಿ, ಸಂಪರ್ಕಗಳ ಲೆಕ್ಕ ಇವೆಲ್ಲ ಮೊದಲಿನ 2 ಜಿಬಿ ಅಥವಾ 3 ಜಿಬಿ ವಿಳಾಸದೊಳಗೇ ಇರಬೇಕಿತ್ತು. ಆ ವಿಳಾಸದಲ್ಲೂ ಸುಮಾರು 384 ಎಂಬಿಯಷ್ಟು ಭಾಗವನ್ನು ಎಸ್‌ಕ್ಯುಎಲ್ ಸರ್ವರ್ ಬಫರ್ ಪೂಲ್‌ನ ಹೊರಗೆ ಬಿಡುತ್ತಿತ್ತು: 255 ಥ್ರೆಡ್‌ಗಳಿಗೆ ತಲಾ ಅರ್ಧ ಎಂಬಿ, ಅದರ ಜೊತೆಗೆ ಲಿಂಕ್ಡ್ ಸರ್ವರ್ ಮುಂತಾದವುಗಳಿಗಾಗಿ 256 ಎಂಬಿ. ಈ ಸಣ್ಣ ಭಾಗ ಚೂರುಚೂರಾಗಿ ಹೋದರೆ, ಯಂತ್ರದಲ್ಲಿ ಹಲವು ಜಿಬಿ ಖಾಲಿ ಇರುವಾಗಲೇ ಮೆಮೊರಿ ಸಾಲದು ಎಂಬ 701ನೇ ಸಂಖ್ಯೆಯ ದೋಷ ಬರುತ್ತಿತ್ತು. ಅದನ್ನು ಕಂಡು ಮೆಮೊರಿಯ ಇನ್ನಷ್ಟು ಪಟ್ಟಿಗಳನ್ನು ತರಿಸಿ ಹಾಕಿದವರಿಗೆ ಏನೂ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಮುಗಿದಿದ್ದುದು ಮೆಮೊರಿಯಲ್ಲ, ವಿಳಾಸ. ಟಾಸ್ಕ್ ಮ್ಯಾನೇಜರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತಿತ್ತು: ಎಡಬ್ಲ್ಯುಇ ಮೂಲಕ ಪಡೆದ ಮೆಮೊರಿ ಪ್ರೊಸೆಸ್‌ನ ಲೆಕ್ಕದಲ್ಲಿ ಕಾಣದ ಕಾರಣ, ಆರು ಜಿಬಿ ಹಿಡಿದು ಕೂತ ಡೇಟಾಬೇಸ್‌ನ ಎದುರು ನೂರಿನ್ನೂರು ಎಂಬಿಯಷ್ಟೇ ತೋರುತ್ತಿತ್ತು. ನಿಜವಾದ ಅಂಕಿ ಸಿಗುತ್ತಿದ್ದುದು ಪರ್ಫಾರ್ಮೆನ್ಸ್ ಮಾನಿಟರ್‌ನ ಟೋಟಲ್ ಸರ್ವರ್ ಮೆಮೊರಿ ಎಂಬ ಕೌಂಟರ್‌ನಲ್ಲಿ. ಯಾವ ಅಂಕಿಯನ್ನು ಯಾವ ಸಾಧನ ಅಳೆಯುತ್ತದೆ ಎಂಬುದನ್ನು ತಿಳಿಯದೆ ಮೆಮೊರಿಯ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂಬುದನ್ನು ಕಲಿಸಿದ್ದು ಇಂಥ ಸಂದರ್ಭಗಳೇ.

32 ಬಿಟ್ ಲಿನಕ್ಸ್‌ನಲ್ಲಿ ಎಡಿಷನ್ನಿನ ಗೋಡೆ ಇರಲಿಲ್ಲ. ಪ್ರೊಸೆಸ್‌ಗೆ 3 ಜಿಬಿ, ಕರ್ನಲ್‌ಗೆ 1 ಜಿಬಿ ಎಂಬ ಹಂಚಿಕೆ ಇತ್ತು. ಅದರ ಮೇಲೆ ಆರಕಲ್‌ನ ಹಂಚಿಕೊಂಡ ಮೆಮೊರಿ ಪ್ರದೇಶವಾದ ಎಸ್‌ಜಿಎ ಮೊದಲಿಗೆ ಸುಮಾರು 1.7 ಜಿಬಿಗೆ ನಿಲ್ಲುತ್ತಿತ್ತು, ವಿಳಾಸದ ಆರಂಭವನ್ನು ಕೆಳಗಿಳಿಸಿ ಮತ್ತೆ ಲಿಂಕ್ ಮಾಡಿದರೆ 2.7 ಜಿಬಿ ಸಿಗುತ್ತಿತ್ತು.

ಎಎಂಡಿಯ ಆಪ್ಟೆರಾನ್ 2003ರಲ್ಲಿ, 64 ಬಿಟ್ ಎಕ್ಸ್86 ಪ್ರೊಸೆಸರ್‌ಗಳಿಗಾಗಿ ವಿಂಡೋಸ್ ಸರ್ವರ್ 2003ರ ಆವೃತ್ತಿ 2005ರಲ್ಲಿ ಬಂದ ಮೇಲೆ ವಿಳಾಸದ ಬರ ತೀರಿತು, ಆದರೆ ಲೈಸೆನ್ಸ್‌ನ ಮಿತಿ ತೀರಲಿಲ್ಲ. ಅದು ಜಾಗ ಬದಲಿಸಿತು ಅಷ್ಟೆ. 64 ಬಿಟ್ ಮಾತ್ರವೇ ಇದ್ದ ವಿಂಡೋಸ್ ಸರ್ವರ್ 2008 ಆರ್2ರ ಸ್ಟ್ಯಾಂಡರ್ಡ್ ಎಡಿಷನ್ 32 ಜಿಬಿಯನ್ನು ಮಾತ್ರ ಗುರುತಿಸುತ್ತಿತ್ತು, ಅದೇ ಪೀಳಿಗೆಯ ಎಸ್‌ಕ್ಯುಎಲ್ ಸರ್ವರ್ 2008 ಆರ್2 ಸ್ಟ್ಯಾಂಡರ್ಡ್ 64 ಜಿಬಿವರೆಗೆ ಬಳಸಬಲ್ಲದಾಗಿತ್ತು. ಹಾಗಾಗಿ 64 ಜಿಬಿಯ ಯಂತ್ರ ಕೊಂಡು ಎರಡೂ ಸ್ಟ್ಯಾಂಡರ್ಡ್ ಹಾಕಿದವರಿಗೆ ಅಡ್ಡಿಯಾದದ್ದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಸರ್ವರ್ 2012ರಲ್ಲಿ ಸ್ಟ್ಯಾಂಡರ್ಡ್ ಎಡಿಷನ್‌ನ ಮಿತಿ ಒಮ್ಮೆಲೇ 4 ಟಿಬಿಗೆ, 2016ರಲ್ಲಿ 24 ಟಿಬಿಗೆ ಏರಿತು, ಡೇಟಾಬೇಸ್‌ನ ಸ್ಟ್ಯಾಂಡರ್ಡ್ ಎಡಿಷನ್ ಮಾತ್ರ 2012ರಲ್ಲಿ 64 ಜಿಬಿಯಲ್ಲೂ, 2014ರಿಂದ 2022ರ ಆವೃತ್ತಿಯವರೆಗೆ 128 ಜಿಬಿಯಲ್ಲೂ ಉಳಿಯಿತು. ಈ 128 ಜಿಬಿ ಅನ್ವಯಿಸುವುದು ಒಂದು ಇನ್‌ಸ್ಟೆನ್ಸ್‌ನ ಬಫರ್ ಪೂಲ್‌ಗೆ ಮಾತ್ರ. ಸಂಪರ್ಕಗಳಿಗೆ, ಬ್ಯಾಕಪ್‌ಗೆ, ಆಪರೇಟಿಂಗ್ ಸಿಸ್ಟಮ್‌ಗೆ ಬೇಕಾದದ್ದು ಅದರ ಹೊರಗೆ. ಆದ್ದರಿಂದ ಅಂಥ ಯಂತ್ರಕ್ಕೆ 128ಕ್ಕಿಂತ ಒಂದಿಷ್ಟು ಹೆಚ್ಚು ಮೆಮೊರಿ ಹಾಕುವುದು ದಂಡವಲ್ಲ, ಎರಡು ಪಟ್ಟು ಹಾಕುವುದು ದಂಡ.

ಮಿತಿಗಳು ಟೆರಾಬೈಟ್‌ಗೆ ಏರಿದ ಮೇಲೆ ಆಪರೇಟಿಂಗ್ ಸಿಸ್ಟಮ್‌ಗಳ ನಡುವಿನ ವ್ಯತ್ಯಾಸ ಅಂಕಿಯಲ್ಲಿ ಕಾಣುವುದಿಲ್ಲ, ಮೆಮೊರಿಯನ್ನು ನಿರ್ವಹಿಸುವ ರೀತಿಯಲ್ಲಿ ಕಾಣುತ್ತದೆ. ಇದಕ್ಕೆ ಆರಕಲ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಿಂಡೋಸ್‌ನಲ್ಲಿ ಅದು ಒಂದೇ ಪ್ರೊಸೆಸ್ ಆಗಿ, ಪ್ರತಿ ಸಂಪರ್ಕಕ್ಕೆ ಒಂದು ಥ್ರೆಡ್ ಇಟ್ಟುಕೊಂಡು ಓಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯ ವಿಧಾನದಲ್ಲಿ ಪ್ರತಿ ಸಂಪರ್ಕಕ್ಕೂ ಬೇರೆಯೇ ಪ್ರೊಸೆಸ್. 32 ಬಿಟ್ ಕಾಲದಲ್ಲಿ ಇದು ಲಿನಕ್ಸ್‌ಗೆ ಅನುಕೂಲವಾಗಿತ್ತು, ಏಕೆಂದರೆ ವಿಂಡೋಸ್‌ನಲ್ಲಿ ಎಲ್ಲ ಸಂಪರ್ಕಗಳೂ ಅದೇ 2 ಅಥವಾ 3 ಜಿಬಿಯಲ್ಲಿ ಪಾಲು ಕೇಳಬೇಕಿತ್ತು. ಮೆಮೊರಿ ಹೇರಳವಾದ ಮೇಲೆ ಅದೇ ವಿನ್ಯಾಸ ಲಿನಕ್ಸ್‌ಗೆ ಹೊರೆಯಾಯಿತು. ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ವಿಂಗಡಿಸಿ, ಪ್ರತಿ ಪುಟ ಎಲ್ಲಿದೆ ಎಂಬುದನ್ನು 8 ಬೈಟ್‌ನ ಒಂದು ನಮೂದಿನಲ್ಲಿ ಬರೆದಿಡುವ ಪಟ್ಟಿಗೆ ಪೇಜ್ ಟೇಬಲ್ ಎನ್ನುತ್ತಾರೆ, ಮತ್ತು ಪ್ರತಿ ಪ್ರೊಸೆಸ್‌ಗೂ ಅದರದೇ ಪೇಜ್ ಟೇಬಲ್ ಇರುತ್ತದೆ. 64 ಜಿಬಿಯ ಎಸ್‌ಜಿಎಯಲ್ಲಿ ಇಂಥ ಪುಟಗಳು ಸುಮಾರು 1.68 ಕೋಟಿ, ಅವನ್ನೆಲ್ಲ ಮುಟ್ಟುವ ಒಂದು ಪ್ರೊಸೆಸ್‌ನ ಪೇಜ್ ಟೇಬಲ್‌ಗೇ 128 ಎಂಬಿ ಬೇಕು. ಹಾಗೆ ಮುಟ್ಟುವ 500 ಸಂಪರ್ಕಗಳಿದ್ದರೆ ಈ ಪಟ್ಟಿಗಳಿಗೇ 62.5 ಜಿಬಿ ಹೋಗುತ್ತದೆ, ಅಂದರೆ ದತ್ತಾಂಶಕ್ಕೆ ಎಷ್ಟೋ ಅದರ ವಿಳಾಸಗಳನ್ನು ಬರೆದಿಡುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಪುಟದ ಗಾತ್ರವನ್ನು 2 ಎಂಬಿಗೆ ಏರಿಸುವ ಹ್ಯೂಜ್‌ಪೇಜಸ್ ಸೌಲಭ್ಯ ಬಳಸಿದರೆ ನಮೂದುಗಳು 32,768ಕ್ಕೆ ಇಳಿದು, ಒಂದು ಪ್ರೊಸೆಸ್‌ಗೆ 256 ಕೆಬಿ, ಐನೂರಕ್ಕೂ ಸೇರಿ 125 ಎಂಬಿ ಸಾಕಾಗುತ್ತದೆ.

ಸಂಜೆಯ ಹೊತ್ತಿಗೆ ಸರ್ವರ್ ಸ್ವಾಪ್ ಮಾಡಲು, ಎಂದರೆ ಮೆಮೊರಿಯ ಪುಟಗಳನ್ನು ಡಿಸ್ಕ್‌ಗೆ ಎತ್ತಿಹಾಕಲು ತೊಡಗಿ ಕುಂಟುತ್ತದೆ ಎಂಬ ದೂರು ಬಂದಲ್ಲಿ ಲಿನಕ್ಸ್‌ನ ಮೆಮ್‌ಇನ್ಫೊ ಕಡತದ ಪೇಜ್‌ಟೇಬಲ್ಸ್ ಎಂಬ ಸಾಲನ್ನು ಮೊದಲು ನೋಡಬೇಕು. ಬೆಳಿಗ್ಗೆ ನೂರಾರು ಎಂಬಿಯಲ್ಲಿದ್ದ ಆ ಅಂಕಿ ಸಂಪರ್ಕಗಳು ಹೆಚ್ಚಿದಂತೆ ಹತ್ತಾರು ಜಿಬಿಗೆ ಏರಿರುವುದನ್ನು ಲೇಖಕ ಕಂಡದ್ದುಂಟು. ಹ್ಯೂಜ್‌ಪೇಜಸ್‌ಗೂ ಅದರದೇ ಶಿಸ್ತು ಇದೆ: ಹಾಗೆ ಕಾಯ್ದಿಟ್ಟ ಮೆಮೊರಿ ಬೇರಾವ ಕೆಲಸಕ್ಕೂ ಒದಗುವುದಿಲ್ಲ, ಆರಕಲ್‌ನ ಹಳೆಯ ಆವೃತ್ತಿಗಳಲ್ಲಿ ಎಸ್‌ಜಿಎ ಅದರೊಳಗೆ ಪೂರ್ತಿ ಹಿಡಿಸದಿದ್ದರೆ ಡೇಟಾಬೇಸ್ ಸಣ್ಣ ಪುಟಗಳಿಗೇ ಮರಳುತ್ತಿದ್ದುದರಿಂದ ಕಾಯ್ದಿಟ್ಟದ್ದು ವ್ಯರ್ಥವಾಗಿ, ಬಳಸಿದ್ದು ದುಬಾರಿಯಾಗಿ, ಎರಡೂ ಕಡೆಯಿಂದ ನಷ್ಟವಾಗುತ್ತಿತ್ತು. ಆರಕಲ್ 11ಜಿಯಲ್ಲಿ ಬಂದ ಸ್ವಯಂಚಾಲಿತ ಮೆಮೊರಿ ನಿರ್ವಹಣೆ ಹ್ಯೂಜ್‌ಪೇಜಸ್ ಜೊತೆ ಕೆಲಸ ಮಾಡುವುದಿಲ್ಲ ಎಂಬುದನ್ನೂ ಇದರೊಂದಿಗೆ ನೆನಪಿಡಬೇಕು.

ಮೆಮೊರಿ ಮುಗಿದಾಗ ಏನಾಗುತ್ತದೆ ಎಂಬುದು ಇನ್ನೊಂದು ಮುಖ್ಯ ವ್ಯತ್ಯಾಸ. ವಿಂಡೋಸ್ ತನ್ನಲ್ಲಿರುವ ಮೆಮೊರಿ ಮತ್ತು ಪೇಜ್‌ಫೈಲ್ ಎರಡನ್ನೂ ಕೂಡಿ ಬರುವ ಮೊತ್ತವನ್ನು ಮೀರಿ ಮಾತು ಕೊಡುವುದಿಲ್ಲ. ಆದರೆ ಒತ್ತಡ ಬಂದಾಗ ಡೇಟಾಬೇಸ್‌ನ ಪುಟಗಳನ್ನೇ ಡಿಸ್ಕ್‌ಗೆ ತಳ್ಳಬಲ್ಲದು, ಮತ್ತು ಇದನ್ನು ತಡೆಯಲು ಮೆಮೊರಿಯಲ್ಲಿ ಪುಟಗಳನ್ನು ಬಿಗಿಹಿಡಿಯುವ ಹಕ್ಕನ್ನು ಸೇವೆಯ ಖಾತೆಗೆ ಕೊಡಬೇಕಾಗುತ್ತದೆ. 64 ಬಿಟ್‌ನಲ್ಲಿ ಆ ಹಕ್ಕು ಮೊದಲು ಎಸ್‌ಕ್ಯುಎಲ್ ಸರ್ವರ್‌ನ ಎಂಟರ್‌ಪ್ರೈಸ್ ಎಡಿಷನ್‌ಗೆ ಮಾತ್ರ ಫಲಿಸುತ್ತಿತ್ತು, ಸ್ಟ್ಯಾಂಡರ್ಡ್‌ಗೆ ದೊರೆತದ್ದು 2009ರಲ್ಲಿ. ಲಿನಕ್ಸ್ ಇದಕ್ಕೆ ವಿರುದ್ಧವಾಗಿ, ಕೇಳಿದವರಿಗೆಲ್ಲ ಇಲ್ಲದ ಮೆಮೊರಿಯನ್ನೂ ಕೊಡುವುದಾಗಿ ಒಪ್ಪಿಕೊಳ್ಳುತ್ತದೆ; ನಿಜವಾಗಿ ಕೊಡಬೇಕಾದ ಹೊತ್ತಿನಲ್ಲಿ ಏನೂ ಉಳಿಯದಿದ್ದರೆ ಊಮ್ ಕಿಲ್ಲರ್ ಎಂಬ ಕರ್ನಲ್‌ನ ಭಾಗವು ಒಂದು ಪ್ರೊಸೆಸ್ ಅನ್ನು ಕೊಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ಒಂದು ಸಂಪರ್ಕದ ಪ್ರೊಸೆಸ್ ಹೀಗೆ ಸತ್ತರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಎಚ್ಚರದಿಂದ ಅದು ಉಳಿದ ಸಂಪರ್ಕಗಳನ್ನೆಲ್ಲ ಕಡಿದು ಪುನಶ್ಚೇತನಕ್ಕೆ ತೊಡಗುತ್ತದೆ. ವರ್ಕ್‌ಮೆಮ್ ಎಂಬ ನಿಯತಾಂಕವನ್ನು 64 ಎಂಬಿಗೆ ಏರಿಸಿ 200 ಸಂಪರ್ಕಗಳಿಗೆ ಅವಕಾಶ ಕೊಟ್ಟವರು, ಆ ಮಿತಿ ಸಂಪರ್ಕಕ್ಕಲ್ಲ, ಕ್ವೆರಿಯೊಳಗಿನ ಪ್ರತಿಯೊಂದು ವಿಂಗಡಣೆಗೆ ಎಂಬುದನ್ನು ಗಮನಿಸದಿದ್ದರೆ ಈ ಸ್ಥಿತಿ ತಾನಾಗಿಯೇ ಬರುತ್ತದೆ. ತಲಾ ಒಂದೇ ವಿಂಗಡಣೆ ನಡೆದರೂ 12,800 ಎಂಬಿ, ಎರಡು ನಡೆದರೆ ಅದರ ಇಮ್ಮಡಿ. ಪೋಸ್ಟ್‌ಗ್ರೆಸ್‌ಗಾಗಿಯೇ ಮೀಸಲಾದ ಯಂತ್ರದಲ್ಲಿ ಓವರ್‌ಕಮಿಟ್ ನಿಯತಾಂಕವನ್ನು 2ಕ್ಕೆ ಇಟ್ಟು, ಇಲ್ಲದ್ದನ್ನು ಒಪ್ಪಿಕೊಳ್ಳುವ ಲಿನಕ್ಸ್‌ನ ಈ ರೂಢಿಯನ್ನು ನಿಲ್ಲಿಸುವುದು ಒಳ್ಳೆಯದೆಂಬುದು ಲೇಖಕನ ಖಚಿತ ಅಭಿಪ್ರಾಯ. ಇಡೀ ಡೇಟಾಬೇಸ್ ಬೀಳುವುದಕ್ಕಿಂತ ಒಂದು ಕ್ವೆರಿ ಸೋಲುವುದು ಮೇಲು.

ಹಾಗೆಂದು ಯಂತ್ರದ ಮೆಮೊರಿಯನ್ನೆಲ್ಲ ಡೇಟಾಬೇಸ್‌ಗೇ ಬರೆದುಕೊಡುವುದೂ ಸಲ್ಲದು. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಕಡತ ಸಂಗ್ರಹವನ್ನೂ ನೆಚ್ಚಿಕೊಂಡು ಕೆಲಸ ಮಾಡುವುದರಿಂದ ಅದರ ಸ್ವಂತ ಬಫರ್‌ಗೆ ಒಟ್ಟು ಮೆಮೊರಿಯ ಕಾಲು ಭಾಗದಿಂದ ಆರಂಭಿಸುವುದು ರೂಢಿ. ತನ್ನ ಸಂಗ್ರಹವನ್ನು ತಾನೇ ನಿರ್ವಹಿಸುವ ಎಸ್‌ಕ್ಯುಎಲ್ ಸರ್ವರ್‌ಗೆ ಬಹುಪಾಲನ್ನು ಕೊಡಬಹುದಾದರೂ ಗರಿಷ್ಠ ಮಿತಿಯನ್ನು ಕೈಯಾರೆ ನಮೂದಿಸಲೇಬೇಕು.

ಕಚೇರಿಗಳ ಟೆಂಡರ್ ಪತ್ರಗಳಲ್ಲಿ ಇಂದಿಗೂ 256 ಜಿಬಿ ಮೆಮೊರಿ, ಸರ್ವರ್ ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಲೈಸೆನ್ಸ್ ಎಂದು ಮೂರು ಪ್ರತ್ಯೇಕ ಸಾಲುಗಳಿರುತ್ತವೆ. ಆ ಪತ್ರಗಳನ್ನು ಸಿದ್ಧಪಡಿಸುವವರು ಎರಡೂ ತಂತ್ರಾಂಶಗಳ ಆವೃತ್ತಿ ಮತ್ತು ಎಡಿಷನ್ ಹೆಸರನ್ನು, ಅವುಗಳ ಮೆಮೊರಿ ಮಿತಿಯನ್ನು, ನಿರೀಕ್ಷಿತ ಗರಿಷ್ಠ ಸಂಪರ್ಕಗಳ ಸಂಖ್ಯೆಯನ್ನು ಅದೇ ಪುಟದಲ್ಲಿ ಬರೆಯಬೇಕು, ಮತ್ತು ಈ ಅಂಕಿಗಳು ಒಂದಕ್ಕೊಂದು ಹೊಂದುವವರೆಗೆ ಖರೀದಿಗೆ ಸಹಿ ಹಾಕಬಾರದು.