ಕೊಳವೆ ಬಾವಿಯೂ ತೈಲಬಾವಿಯೂ: ಕೊರೆಯುವ ಯಂತ್ರಕ್ಕೆ ಕಟ್ಟುಪಾಡು

ತೆಂಗಿನ ಸೀಮೆಯೆಂದು ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯನ್ನು ಕಾಣದ ವಿದ್ಯಾರ್ಥಿ ಇರಲಾರನು. ಬೇಸಗೆ ಬಂತೆಂದರೆ ಮಾಯಸಂದ್ರದ ಸುತ್ತಿನ ತೋಟಗಳಲ್ಲಿ ರಿಗ್ ಗಾಡಿಯ ಮೊರೆತ ಕೇಳಿಸುತ್ತದೆ. ಬಿಳಿಯ ಕಲ್ಲುಹುಡಿ ತೆಂಗಿನ ಗರಿಗಳ ಮೇಲೆ ಕೂರುತ್ತದೆ. ಇದೇ ಜಾತಿಯ ಕೆಲಸವೊಂದು ಮುಂಬಯಿಗೆ ಪಶ್ಚಿಮದಲ್ಲಿ, ದಡದಿಂದ ಸುಮಾರು ೧೬೦ ಕಿಲೋಮೀಟರು ದೂರದ ಸಮುದ್ರದ ಮೇಲೆಯೂ ನಡೆಯುತ್ತದೆ. ಇಲ್ಲಿ ನೀರಿಗಾಗಿ ಕೊರೆಯುತ್ತಾರೆ, ಅಲ್ಲಿ ಎಣ್ಣೆಗಾಗಿ. ಎರಡು ಕಡೆಗಳಲ್ಲಿಯೂ ಮನುಷ್ಯನು ತನ್ನ ಕಣ್ಣು ಮುಟ್ಟದ ಆಳಕ್ಕೆ ಕಿರಿದಾದ ಒಂದು ರಂಧ್ರವನ್ನು ಇಳಿಸುತ್ತಾನೆ. ಈ ರಂಧ್ರದಿಂದ ಯಾರಿಗೂ ಕೇಡಾಗದಂತೆ ನೋಡಿಕೊಳ್ಳಬೇಕಾದವರು ಯಾರು? ಕೊರೆಯುವ ಕೆಲಸ ಮುಗಿಯಿತೆಂದು ಹೇಳುವುದು ಯಾವಾಗ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಬಂಡೆಯನ್ನು ಕೊರೆಯುವ ಬಗೆ

ನಮ್ಮ ಸೀಮೆಯ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ನೈಸ್ ಎಂಬ ಪುರಾತನವಾದ ಗಟ್ಟಿಶಿಲೆ. ಇದರಲ್ಲಿ ಮರಳಿನಲ್ಲಿರುವಂತೆ ನೀರು ನಿಲ್ಲುವ ಎಡೆಗಳಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿಯೂ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ಇರಬಲ್ಲದು. ತೆರೆದ ಬಾವಿಗಳ ಕಾಲದಲ್ಲಿ ಜನರು ಮೇಲಿನ ಪದರದ ನೀರನ್ನು ಬಳಸಿದರು. ಅದು ಬತ್ತಿದ ಮೇಲೆ ಬಂಡೆಯನ್ನೇ ಭೇದಿಸಬೇಕಾಯಿತು.

ಗಟ್ಟಿಶಿಲೆಯನ್ನು ವೇಗವಾಗಿ ಕೊರೆಯುವ ವಾಯುಚಾಲಿತ ರಿಗ್ಗುಗಳು ಭಾರತದಲ್ಲಿ ಬಳಕೆಗೆ ಬರಲು ೧೯೬೬–೬೭ರ ಬಿಹಾರದ ಬರಗಾಲ ಒಂದು ಮುಖ್ಯ ಕಾರಣ. ಆಗ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯೂನಿಸೆಫ್ ಅಂಥ ಯಂತ್ರಗಳನ್ನು ತರಿಸಿಕೊಟ್ಟಿತು. ಮಕ್ಕಳಿಗೆ ಕುಡಿಯುವ ನೀರು ದೊರಕಲೆಂದು ಬಂದ ಯಂತ್ರವಿದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇದು ಕೆಲಸ ಮಾಡುವ ರೀತಿ ಸರಳವಾಗಿದೆ. ಕಂಪ್ರೆಸರು ಗಾಳಿಯನ್ನು ವಾಯುಮಂಡಲದ ಒತ್ತಡಕ್ಕಿಂತ ಹದಿನೈದು, ಇಪ್ಪತ್ತು ಪಟ್ಟು ಹೆಚ್ಚಿನ ಒತ್ತಡಕ್ಕೆ ಏರಿಸಿ, ಉಕ್ಕಿನ ಕೊಳವೆಗಳ ಮೂಲಕ ಕೆಳಗೆ ಕಳುಹಿಸುತ್ತದೆ. ತುದಿಯಲ್ಲಿರುವ ಹ್ಯಾಮರಿನ ಒಳಗೆ ಆ ಗಾಳಿ ಒಂದು ಕೊಂತವನ್ನು ಬಹು ವೇಗವಾಗಿ ಹಿಂದಕ್ಕೂ ಮುಂದಕ್ಕೂ ಓಡಿಸುತ್ತದೆ. ಕೊಂತದ ಪೆಟ್ಟು ಬಿಟ್ಟಿಗೆ ತಗಲುತ್ತದೆ. ಬಿಟ್ಟಿನ ಮುಖದಲ್ಲಿ ಕೂರಿಸಿದ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳು ಬಂಡೆಯನ್ನು ಪುಡಿಗುಟ್ಟುತ್ತವೆ. ಕೆಲಸ ಮುಗಿಸಿದ ಗಾಳಿಯೇ ಬಿಟ್ಟನ್ನು ತಂಪಾಗಿಸಿ, ಹುಡಿಯನ್ನು ಹೊತ್ತುಕೊಂಡು ಮೇಲಕ್ಕೆ ಬರುತ್ತದೆ. ಗುದ್ದಲಿಯಿಂದ ಬಾವಿ ತೋಡಲು ತಿಂಗಳುಗಳು ಹಿಡಿಯುತ್ತಿದ್ದಲ್ಲಿ, ಈ ಯಂತ್ರ ಒಂದು ಹಗಲು ಒಂದು ರಾತ್ರಿಯಲ್ಲಿ ನೂರಾರು ಅಡಿ ಇಳಿಯುತ್ತದೆ.

ತೂತುಗಳು ಏಕೆ ತೆರೆದು ಉಳಿಯುತ್ತವೆ?

ನಮ್ಮಲ್ಲಿ ಸಾಮಾನ್ಯವಾದ ರಂಧ್ರದ ವ್ಯಾಸ ಆರೂವರೆ ಅಂಗುಲ, ಎಂದರೆ ಸುಮಾರು ೧೬೫ ಮಿಲಿಮೀಟರು. ಇಷ್ಟು ಕಿರಿದಾದ ರಂಧ್ರ ಬಂಡೆಯ ಬಿರುಕನ್ನು ಸಂಧಿಸಿದರೆ ನೀರು. ಒಂದೆರಡು ಗಜ ತಪ್ಪಿದರೂ ಬರಿಯ ಹುಡಿ. ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ನೀರಿನ ಜಾಗ ಹೇಳುವವರನ್ನು ನಂಬಿದರೂ, ಭೂವಿಜ್ಞಾನಿಯ ಉಪಕರಣವನ್ನು ನಂಬಿದರೂ, ಗಟ್ಟಿಶಿಲೆಯಲ್ಲಿ ವೈಫಲ್ಯಕ್ಕೆ ಎಡೆ ಇದ್ದೇ ಇರುತ್ತದೆ. ಆದಕಾರಣ ಒಂದು ತೋಟಕ್ಕೆ ನೀರು ಸಿಗುವ ಮುನ್ನ ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂತುಗಳು ವ್ಯರ್ಥವಾಗುತ್ತವೆ. ನೀರು ಬಂದ ಬಾವಿಯೂ ಕೆಲವು ವರ್ಷಗಳಲ್ಲಿ ಬತ್ತಬಹುದು.

ಹೀಗೆ ವಿಫಲವಾದ ರಂಧ್ರವನ್ನು ಮುಚ್ಚುವವರು ಯಾರು? ರಿಗ್ಗಿನವರಿಗೆ ಕೂಲಿ ದೊರೆಯುವುದು ಕೊರೆದ ಅಡಿಗಳ ಲೆಕ್ಕದಲ್ಲಿ. ಮುಚ್ಚಿದ ಅಡಿಗಳಿಗೆ ಕೂಲಿಯಿಲ್ಲ. ಗಾಡಿ ಮುಂದಿನ ಊರಿಗೆ ಹೊರಟುಬಿಡುತ್ತದೆ. ಸಾಲ ಮಾಡಿ ಕೊರೆಸಿದ ರೈತನು ಮೇಲಿನ ಮಣ್ಣಿನ ಪದರಕ್ಕೆ ಇಳಿಸಿದ್ದ ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳೋಣವೆಂದು ಅದನ್ನು ಹೊರಗೆ ಎಳೆಸುತ್ತಾನೆ. ಪೈಪು ಹೋದೊಡನೆ ಸಡಿಲವಾದ ಮಣ್ಣು ಕುಸಿದು ಬಾಯಿ ಅಗಲವಾಗುತ್ತದೆ. ಅದರ ಮೇಲೆ ಒಂದು ಗೋಣಿಚೀಲವನ್ನೋ ತೆಂಗಿನ ಗರಿಗಳನ್ನೋ ಹರಡಿ ಒಂದು ಕಲ್ಲು ಇಡುತ್ತಾರೆ. ಎರಡು ಮಳೆಗಾಲಗಳಲ್ಲಿ ಗೋಣಿ ಕೊಳೆಯುತ್ತದೆ, ಹುಲ್ಲು ಬೆಳೆಯುತ್ತದೆ, ತೂತು ಮರೆತುಹೋಗುತ್ತದೆ.

ಇದರ ಫಲವನ್ನು ನಮ್ಮ ನಾಡು ಹಲವು ಬಾರಿ ಉಂಡಿದೆ. ೨೦೧೪ರಲ್ಲಿ ವಿಜಯಪುರ ಜಿಲ್ಲೆಯ ನಾಗಠಾಣದಲ್ಲಿಯೂ ೨೦೧೭ರಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿಯೂ ಕೊಳವೆ ಬಾವಿಗೆ ಬಿದ್ದ ಪುಟ್ಟ ಹುಡುಗಿಯರು ಬದುಕಿ ಬರಲಿಲ್ಲ. ೨೦೨೪ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ, ಹೊಸದಾಗಿ ಕೊರೆದು ಮುಚ್ಚದೆ ಬಿಟ್ಟಿದ್ದ ಬಾವಿಯಲ್ಲಿ ಎರಡು ವರ್ಷವೂ ತುಂಬದ ಮಗುವೊಂದು ಸುಮಾರು ೧೬ ಅಡಿ ಆಳದಲ್ಲಿ ಸಿಕ್ಕಿಕೊಂಡಿತು. ಅದೃಷ್ಟವಶಾತ್ ಜೀವಂತವಾಗಿ ಹೊರಬಂದಿತು.

ಈ ಕೊನೆಯ ಘಟನೆಯ ಲೆಕ್ಕವನ್ನು ನೋಡಿರಿ. ೧೬ ಅಡಿ ಎಂದರೆ ಸುಮಾರು ೫ ಮೀಟರು. ಅಡೆತಡೆಯಿಲ್ಲದೆ ಬೀಳುವ ವಸ್ತು ಈ ದೂರವನ್ನು ಕ್ರಮಿಸಲು ಬೇಕಾದ ಕಾಲ ಒಂದು ಸೆಕೆಂಡು. ಮಗುವನ್ನು ಹೊರತೆಗೆಯಲು ಹಿಡಿದುದು ಸುಮಾರು ೨೦ ಗಂಟೆ, ಎಂದರೆ ೭೨,೦೦೦ ಸೆಕೆಂಡು. ಮೇಲಿನಿಂದ ಎಳೆಯುವಂತಿಲ್ಲ, ಬೆಣೆಯಂತೆ ಸಿಕ್ಕಿಕೊಂಡ ದೇಹವನ್ನು ಘರ್ಷಣೆ ಹಿಡಿದಿರುತ್ತದೆ, ಮಣ್ಣು ಅದರ ಮೇಲೆ ಉದುರುತ್ತದೆ. ಆದ್ದರಿಂದ ಪಕ್ಕದಲ್ಲಿ ಬೇರೊಂದು ಗುಂಡಿಯನ್ನು ತೋಡಿ, ಕೆಳಗಿನಿಂದ ಅಡ್ಡಲಾಗಿ ದಾರಿ ಮಾಡಬೇಕು. ಅದೂ ನೆಲ ಅದುರಿ ಮಗು ಇನ್ನೂ ಕೆಳಕ್ಕೆ ಜಾರದಂತೆ.

ಕಡಲಿನ ಪಾಠ

ಈಗ ಸಮುದ್ರದ ಕಡೆಗೆ ತಿರುಗೋಣ. ೧೯೭೪ರ ಫೆಬ್ರವರಿಯಲ್ಲಿ ‘ಸಾಗರ್ ಸಮ್ರಾಟ್’ ಎಂಬ ರಿಗ್ಗು ಬಾಂಬೆ ಹೈ ಪ್ರದೇಶದಲ್ಲಿ ತೈಲವನ್ನು ಕಂಡುಹಿಡಿಯಿತು. ಅಲ್ಲಿ ಅಪಾಯದ ಸ್ವರೂಪ ಬೇರೆ. ನಮ್ಮ ತೋಟದ ರಂಧ್ರದಲ್ಲಿ ಭಯವಿರುವುದು ಅದು ಬರಿದಾಗಿರುವುದರಿಂದ. ತೈಲಬಾವಿಯಲ್ಲಿ ಭಯವಿರುವುದು ಕೆಳಗಿನದು ಮೇಲಕ್ಕೆ ಉಕ್ಕುವುದರಿಂದ. ಶಿಲೆಯಲ್ಲಿ ಅಡಗಿದ ಎಣ್ಣೆ ಮತ್ತು ಅನಿಲಗಳು ಅಪಾರ ಒತ್ತಡದಲ್ಲಿರುತ್ತವೆ. ಇದನ್ನು ತಡೆಯಲು ರಂಧ್ರದ ತುಂಬ ಭಾರವಾದ ಕೆಸರು ದ್ರವವನ್ನು ತುಂಬುತ್ತಾರೆ. ದ್ರವಸ್ತಂಭದ ಒತ್ತಡವು ಅದರ ಸಾಂದ್ರತೆ, ಗುರುತ್ವ, ಎತ್ತರ ಇವುಗಳ ಗುಣಲಬ್ಧವೆಂದು ನಾವು ಓದಿದ್ದೇವೆ. ೩,೦೦೦ ಮೀಟರು ಎತ್ತರದ ನೀರಿನ ಸ್ತಂಭ ಬುಡದಲ್ಲಿ ವಾಯುಮಂಡಲದ ಸುಮಾರು ೨೯೦ ಪಟ್ಟು ಒತ್ತಡವನ್ನು ಕೊಡುತ್ತದೆ. ನೀರಿಗಿಂತ ಒಂದೂವರೆ ಪಾಲು ಭಾರವಾದ ಕೆಸರು ಸುಮಾರು ೪೩೫ ಪಟ್ಟನ್ನು ಕೊಡುತ್ತದೆ. ಒತ್ತಡ ಕಡಮೆಯಾದರೆ ಅನಿಲ ಒಳನುಗ್ಗುತ್ತದೆ. ಮಿತಿಮೀರಿದರೆ ಶಿಲೆಯೇ ಸೀಳುತ್ತದೆ. ಇದಲ್ಲದೆ ಬಾವಿಯ ಬಾಯಲ್ಲಿ ಬ್ಲೋಔಟ್ ಪ್ರಿವೆಂಟರ್ ಎಂಬ ಬೃಹತ್ ಕವಾಟಗಳ ಜೋಡಣೆ ಇರುತ್ತದೆ. ಉಕ್ಕಿನ ದವಡೆಗಳಿಂದ ಬಾವಿಯನ್ನು ಬಿಗಿಯುವ ಇಂಥ ಸಾಧನವನ್ನು ಅಮೆರಿಕದ ಅಬರ್‌ಕ್ರಾಂಬಿ ಮತ್ತು ಕ್ಯಾಮರಾನ್ ಎಂಬವರು ೧೯೨೨ರಲ್ಲಿ ರೂಪಿಸಿದರು.

ಇಷ್ಟೆಲ್ಲ ಇದ್ದೂ ೨೦೧೦ರ ಏಪ್ರಿಲ್ ೨೦ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜ಼ನ್’ ರಿಗ್ಗು ಸಿಡಿದು ೧೧ ಮಂದಿ ಸತ್ತರು. ಎಣ್ಣೆ ೮೭ ದಿನಗಳ ಕಾಲ ಸಮುದ್ರಕ್ಕೆ ಹರಿಯಿತು. ಈ ಅವಘಡದಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆಗ ಬಾವಿಯನ್ನು ಕೊರೆಯುತ್ತಿರಲಿಲ್ಲ. ಕೊರೆತ ಮುಗಿದು, ತಾತ್ಕಾಲಿಕವಾಗಿ ಬಾವಿಯನ್ನು ಮುಚ್ಚಿ ಹೊರಡುವ ಸಿದ್ಧತೆ ನಡೆದಿತ್ತು. ಬುಡದ ಸಿಮೆಂಟು ಬಿಗಿಯಾಗಿ ಕೂತಿರಲಿಲ್ಲ. ಒತ್ತಡದ ಪರೀಕ್ಷೆಯ ಫಲವನ್ನು ತಪ್ಪಾಗಿ ಅರ್ಥಮಾಡಿಕೊಂಡು, ಭಾರವಾದ ಕೆಸರನ್ನು ತೆಗೆದು ಹಗುರವಾದ ಸಮುದ್ರದ ನೀರನ್ನು ತುಂಬಲಾಯಿತು. ಕವಾಟವೂ ಬಾವಿಯನ್ನು ಬಿಗಿಯಲಾರದೆ ಹೋಯಿತು. ಕೆಲಸದ ಕೊನೆಯ ಭಾಗವನ್ನು ಹಗುರವಾಗಿ ಎಣಿಸಿದುದರ ಬೆಲೆ ಇದು.

ಇನ್ನೊಂದು ಪಾಠವೂ ಉಂಟು. ೧೯೮೮ರ ಜುಲೈ ೬ರಂದು ಉತ್ತರ ಸಮುದ್ರದ ‘ಪೈಪರ್ ಆಲ್ಫಾ’ ವೇದಿಕೆ ಉರಿದು ೧೬೭ ಜನ ಮಡಿದರು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ ಅವರು ೧೯೯೦ರಲ್ಲಿ ಕೊಟ್ಟ ವರದಿ ಎರಡು ಮಾತುಗಳನ್ನು ಒತ್ತಿ ಹೇಳಿತು. ಮೊದಲನೆಯದು, ಹೊಸ ಯಂತ್ರ ಬಂದಾಗಲೆಲ್ಲ ಸರ್ಕಾರ ಒಂದು ಹೊಸ ಪಟ್ಟಿ ಬರೆಯುತ್ತ ಹಿಂದೆ ಓಡುವುದಕ್ಕಿಂತ, ತನ್ನ ವ್ಯವಸ್ಥೆ ಸುರಕ್ಷಿತವೆಂದು ಸಾಧಿಸಿ ತೋರಿಸುವ ಹೊಣೆ ಅದನ್ನು ನಡೆಸುವವನದಾಗಬೇಕು. ಎರಡನೆಯದು, ಉತ್ಪಾದನೆ ಹೆಚ್ಚಲೆಂದು ಬಯಸುವ ಇಲಾಖೆಯೇ ಸುರಕ್ಷತೆಯ ತಪಾಸಣೆಯನ್ನೂ ಮಾಡಬಾರದು. ಅಮೆರಿಕವೂ ೨೦೧೦ರ ದುರಂತದ ಅನಂತರ ಇದೇ ದಾರಿ ಹಿಡಿದು, ತೈಲದಿಂದ ಬರುವ ವರಮಾನ ಎಣಿಸುವ ಕಚೇರಿಯನ್ನೂ ಸುರಕ್ಷತೆ ನೋಡುವ ಕಚೇರಿಯನ್ನೂ ಬೇರ್ಪಡಿಸಿತು. ನಮ್ಮ ದೇಶದಲ್ಲಿ ೨೦೦೫ರ ಜುಲೈ ೨೭ರಂದು ಬಾಂಬೆ ಹೈ ಉತ್ತರ ವೇದಿಕೆಗೆ ಹಡಗೊಂದು ತಾಗಿ ಬೆಂಕಿ ಹತ್ತಿ ೨೨ ಮಂದಿ ಅಸುನೀಗಿದರು. ಕಡಲಿನ ತೈಲಕಾರ್ಯದ ಸುರಕ್ಷತೆಗಾಗಿಯೇ ಪ್ರತ್ಯೇಕ ನಿಯಮಗಳು ೨೦೦೮ರಲ್ಲಿ ಜಾರಿಗೆ ಬಂದವು. ಅವುಗಳ ಪಾಲನೆಯನ್ನು ನೋಡುವ ಹೊಣೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯಕ್ಕೆ ಬಂತು.

ತೋಟಕ್ಕೆ ಬಂದ ನಿಯಮ

ಕೊಳವೆ ಬಾವಿಗೂ ನಿಯಮ ಬಂದುದು ಸಾವುಗಳ ಬೆನ್ನ ಹಿಂದೆಯೇ. ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು, ೨೦೧೦ರ ಫೆಬ್ರವರಿ ೧೧ರಂದು ನಿರ್ದೇಶನಗಳನ್ನು ಹೊರಡಿಸಿ, ಅದೇ ವರ್ಷ ಆಗಸ್ಟ್ ೬ರಂದು ಅವನ್ನು ತಿದ್ದಿತು. ಅವುಗಳ ಸಾರ ಹೀಗಿದೆ:

ಕೊರೆಸುವ ೧೫ ದಿನ ಮೊದಲೇ ಜಮೀನಿನ ಒಡೆಯನು ಸ್ಥಳೀಯ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು. ಸ್ಥಳದಲ್ಲಿ ಒಡೆಯನ ಮತ್ತು ಸಂಸ್ಥೆಯ ವಿಳಾಸವುಳ್ಳ ಫಲಕವಿರಬೇಕು. ಕೆಲಸ ನಡೆಯುವಾಗ ಸುತ್ತಲೂ ಮುಳ್ಳುತಂತಿಯ ಬೇಲಿ ಅಥವಾ ಬೇರೆ ತಡೆ ಇರಬೇಕು. ಕೇಸಿಂಗ್ ಪೈಪಿನ ಸುತ್ತ ನೆಲದ ಮೇಲೆ ೦.೩೦ ಮೀಟರು, ಕೆಳಗೆ ೦.೩೦ ಮೀಟರು ಇರುವಂತೆ ಕಾಂಕ್ರೀಟು ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಟ್ಟೆಯನ್ನು ಬೆಸೆಯಬೇಕು, ಇಲ್ಲವೆ ಗಟ್ಟಿಯಾದ ಮುಚ್ಚಳವನ್ನು ನಟ್ಟು ಬೋಲ್ಟುಗಳಿಂದ ಬಿಗಿಯಬೇಕು. ಪಂಪನ್ನು ದುರಸ್ತಿಗೆ ಎತ್ತಿದಾಗಲೂ ಬಾಯಿ ತೆರೆದಿರಕೂಡದು. ಕೈಬಿಟ್ಟ ಬಾವಿಯನ್ನು ಬುಡದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಹುಡಿಗಳಿಂದ ತುಂಬಿ, ತುಂಬಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು.

ಕರ್ನಾಟಕದಲ್ಲಿ ೨೦೧೧ರ ಅಂತರ್ಜಲ ಅಧಿನಿಯಮವಿದೆ. ೨೦೨೪ರಲ್ಲಿ ರಾಜ್ಯ ಅದಕ್ಕೆ ತಿದ್ದುಪಡಿಯನ್ನು ತಂದು, ವಿಫಲ ಬಾವಿಯನ್ನು ಮುಚ್ಚದೆ ಬಿಟ್ಟವರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ೨೫,೦೦೦ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಮಾಡಿತು.

ಕಡಲಿನ ನಿಯಮಕ್ಕೂ ಇದಕ್ಕೂ ಒಂದು ವ್ಯತ್ಯಾಸ ಕಾಣುತ್ತದೆ. ಪ್ರತಿಯೊಂದು ತೈಲಬಾವಿಯ ಒತ್ತಡ, ಆಳ, ಶಿಲೆ ಬೇರೆಯಾದುದರಿಂದ ಅಲ್ಲಿ “ಸುರಕ್ಷಿತವೆಂದು ಸಾಧಿಸಿ ತೋರಿಸು” ಎಂಬ ವಿಧಾನ ಯುಕ್ತ. ತೆರೆದ ಕೊಳವೆ ಬಾವಿಯ ಅಪಾಯವಾದರೋ ಎಲ್ಲ ತೋಟಗಳಲ್ಲಿಯೂ ಒಂದೇ. ಆದ್ದರಿಂದ ಇಲ್ಲಿ ಅಳತೆ ಹೇಳಿ “ಇಷ್ಟು ಮಾಡು” ಎಂದರೆ ಸಾಕು. ಆದರೆ ಮೂಲತತ್ತ್ವ ಎರಡಕ್ಕೂ ಸಮಾನ: ಮುಚ್ಚುವುದು ಕೊರೆತದ ಒಂದು ಭಾಗ, ಮುಚ್ಚಿದೆಯೇ ಎಂದು ನೋಡಬೇಕಾದವನು ಕೊರೆದವನಲ್ಲ, ಬೇರೊಬ್ಬನು. ಹಳ್ಳಿಯಲ್ಲಿ ಆ ಬೇರೊಬ್ಬನ ಸ್ಥಾನವನ್ನು ನ್ಯಾಯಾಲಯ ಗ್ರಾಮದ ಮುಖ್ಯಸ್ಥನಿಗೂ ಕೃಷಿ ಇಲಾಖೆಯ ಅಧಿಕಾರಿಗೂ ವಹಿಸಿದೆ. ಇವರು ಬಂದು ನೋಡದಿದ್ದರೆ ನಿಯಮ ಕಾಗದದಲ್ಲಿಯೇ ಉಳಿಯುತ್ತದೆ.

ಮುಚ್ಚುವ ಲೆಕ್ಕ

ಮುಚ್ಚುವುದು ಬಲು ಖರ್ಚಿನ ಕೆಲಸವೆಂಬ ಭಾವನೆ ಜನರಲ್ಲಿದೆ. ಲೆಕ್ಕ ಮಾಡಿ ನೋಡೋಣ. ಆರೂವರೆ ಅಂಗುಲ ವ್ಯಾಸದ ರಂಧ್ರದ ಅಡ್ಡಕೊಯ್ತದ ವಿಸ್ತೀರ್ಣ ೦.೨೩ ಚದರ ಅಡಿ. ೫೦೦ ಅಡಿ ಆಳವಿದ್ದರೆ ಘನಫಲ ೧೧೫ ಘನ ಅಡಿ. ಒಂದು ಟ್ರ್ಯಾಕ್ಟರ್ ಲೋಡು ಸುಮಾರು ೧೦೦ ಘನ ಅಡಿ. ಎಂದ ಮೇಲೆ ೫೦೦ ಅಡಿಯ ಬಾವಿಯನ್ನು ತುಂಬಲು ಬೇಕಾದುದು ಒಂದು ಲೋಡಿಗಿಂತ ತುಸು ಹೆಚ್ಚು ಮಾತ್ರ! ಅದರಲ್ಲಿಯೂ ಬಹುಭಾಗ ಬಾವಿಯ ಪಕ್ಕದಲ್ಲೇ ಬಿದ್ದಿರುತ್ತದೆ. ಗಟ್ಟಿ ಬಂಡೆ ಹುಡಿಯಾದಾಗ ಕಣಗಳ ನಡುವೆ ಎಡೆ ಉಂಟಾಗಿ ಅದರ ಗಾತ್ರ ಹಿಗ್ಗುವುದರಿಂದ, ಗಾಳಿಗೆ ಹಾರಿದ್ದನ್ನು ಕಳೆದರೂ ಉಳಿದ ರಾಶಿ ದೊಡ್ಡದಾಗಿಯೇ ಇರುತ್ತದೆ.

ತುಂಬುವಾಗ ಒಂದು ಎಚ್ಚರ ಬೇಕು. ಹಿಟ್ಟಿನ ಗಿರಣಿಯ ಮೇಲಿನ ತೊಟ್ಟಿಯಲ್ಲಿ ತೇವದ ಕಾಳು ಕಮಾನು ಕಟ್ಟಿ ನಿಲ್ಲುವುದನ್ನು ನೀವು ನೋಡಿರಬಹುದು. ಕಣಗಳು ಒಂದನ್ನೊಂದು ತಳ್ಳುತ್ತ ಗೋಡೆಗೆ ಒತ್ತಿಕೊಂಡಾಗ ಘರ್ಷಣೆಯೇ ಅವುಗಳ ಭಾರವನ್ನು ಹೊರುತ್ತದೆ. ಕಿರಿದಾದ ರಂಧ್ರಕ್ಕೆ ಮಣ್ಣನ್ನು ಒಮ್ಮೆಗೇ ಸುರಿದರೆ, ಅಥವಾ ದೊಡ್ಡ ಕಲ್ಲೊಂದನ್ನು ಎಸೆದರೆ, ನಡುವೆ ಇಂಥ ಕಮಾನು ಏರ್ಪಟ್ಟು ಕೆಳಗೆ ಪೊಳ್ಳು ಉಳಿಯುತ್ತದೆ. ಮೇಲಿನಿಂದ ತುಂಬಿದಂತೆಯೇ ಕಾಣುತ್ತದೆ. ಒಂದು ಜೋರು ಮಳೆಗೆ ಕಮಾನು ಕುಸಿದು ಬಾಯಿ ಮತ್ತೆ ತೆರೆಯುತ್ತದೆ. ಆದ್ದರಿಂದ ಸಣ್ಣ ಕಣಗಳನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಎಷ್ಟು ಅಡಿ ಏರಿತೆಂದು ಆಗಾಗ ಅಳೆಯಬೇಕು. ೨೩ ಘನ ಅಡಿ ಸುರಿದರೆ ೧೦೦ ಅಡಿ ತುಂಬಬೇಕು. ಅದಕ್ಕಿಂತ ಬಹಳ ಬೇಗ ತುಂಬಿತೆಂದರೆ ಕೆಳಗೆ ಪೊಳ್ಳಿದೆಯೆಂದೇ ಅರ್ಥ. ತೈಲಬಾವಿಯ ಒತ್ತಡ ಪರೀಕ್ಷೆಗೆ ಸಮನಾದ ಪರೀಕ್ಷೆ ತೋಟದಲ್ಲಿ ಇದೇ.

ಈ ಪುಟವನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರ ಮನೆಯ ತೋಟಗಳಲ್ಲಿ ಇಂಥ ಹಳೆಯ ತೂತು ಇರಬಹುದು. ಅದು ಎಲ್ಲಿದೆಯೆಂದು ಮನೆಯ ಹಿರಿಯರನ್ನು ಕೇಳಿರಿ. ತೆರೆದ ಬಾಯಿಯ ಹತ್ತಿರ ನೀವಾಗಿ ಹೋಗಬೇಡಿರಿ. ವ್ಯಾಸವನ್ನೂ ಆಳವನ್ನೂ ಕೇಳಿ ತಿಳಿದು, ಎಷ್ಟು ಲೋಡು ಬೇಕೆಂಬ ಲೆಕ್ಕವನ್ನು ನೀವೇ ಮಾಡಿ ಅವರಿಗೆ ಒಪ್ಪಿಸಿರಿ. ಗ್ರಾಮ ಪಂಚಾಯಿತಿಗೂ ತಿಳಿಸಿರಿ. ಸಿಲಿಂಡರಿನ ಘನಫಲದ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೊಂದಿಲ್ಲ.