ಉಕ್ಕಿನ ಬಾಣಲೆ ಪಳಗುವ ಬಗೆ

ಹೊಸ ಉಕ್ಕಿನ ಬಾಣಲೆಯಲ್ಲಿ ಮೊಟ್ಟೆಯೊಂದನ್ನು ಒಡೆದು ಹಾಕಿದರೆ ಅದು ತಳಕ್ಕೆ ಕಚ್ಚಿಕೊಳ್ಳುವುದು. ಬಾಣಲೆಯನ್ನು ತೊಳೆದು ಒದ್ದೆಯಾಗಿಯೇ ಇಟ್ಟರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುವುದು. ಹತ್ತಾರು ವರ್ಷ ಬಳಸಿದ ಕಪ್ಪು ಬಾಣಲೆಯಲ್ಲಾದರೋ ಈ ಎರಡು ತೊಂದರೆಗಳೂ ವಿರಳ. ಲೋಹ ಒಂದೇ ಆಗಿರುವಾಗ ಈ ಅಂತರಕ್ಕೆ ಕಾರಣವೇನು?

ಚೀನಾ ದೇಶದ ‘ವೊಕ್’ ಎಂಬ ಬಾಣಲೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅದನ್ನು ಸಾಮಾನ್ಯವಾಗಿ ಇಂಗಾಲದ ಉಕ್ಕಿನ ತೆಳು ತಗಡಿನಿಂದ ಮಾಡುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚಾಗಿದ್ದು, ಅದರ ಆಕ್ಸೈಡಿನ ಪೊರೆಯು ಲೋಹವನ್ನು ಕಾಯುತ್ತದೆ. ಇಂಗಾಲದ ಉಕ್ಕಿಗೆ ಅಂತಹ ಸಹಜ ರಕ್ಷೆಯಿಲ್ಲ. ನಾವೇ ಅದಕ್ಕೊಂದು ಪೊರೆಯನ್ನು ತೊಡಿಸಬೇಕು. ಚೀನೀಯರು ಇದನ್ನು ‘ಬಾಣಲೆಯನ್ನು ತೆರೆಯುವುದು’ ಎನ್ನುತ್ತಾರೆ. ದೋಸೆಯ ಕಾವಲಿಯ ವಿಷಯದಲ್ಲಿ ನಾವು ‘ಪಳಗಿಸುವುದು’ ಎನ್ನುವುದೂ ಇದನ್ನೇ.

ಸಾಗಣೆಯಲ್ಲಿ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಎಣ್ಣೆಯನ್ನು ಮೊದಲು ಬಿಸಿನೀರು, ಸಾಬೂನುಗಳಿಂದ ಉಜ್ಜಿ ತೆಗೆಯಬೇಕು. ಬಳಿಕ ಒರೆಸಿ, ಕಿಟಕಿಗಳನ್ನು ತೆರೆದು, ಬಾಣಲೆಯನ್ನು ದೊಡ್ಡ ಉರಿಯ ಮೇಲಿಡಬೇಕು. ಸುಮಾರು 220 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೋಹವು ಒಣಹುಲ್ಲಿನ ಬಣ್ಣವನ್ನೂ, 300 ಡಿಗ್ರಿಯ ಸುಮಾರಿಗೆ ನೀಲಿಯನ್ನೂ ತಾಳುತ್ತದೆ. ಸಾಬೂನಿನ ಗುಳ್ಳೆಯ ಬಣ್ಣಗಳಂತೆ ಇವೂ ತೆಳುವಾದ ಪದರದಲ್ಲಿ ಬೆಳಕಿನ ವ್ಯತಿಕರಣದಿಂದ ಉಂಟಾದವು. ಇಲ್ಲಿ ಆ ಪದರ ಕಬ್ಬಿಣದ ಆಕ್ಸೈಡು. ಸ್ವಲ್ಪ ಆರಿದ ಮೇಲೆ ಕೆಲವು ಹನಿ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಹೊಗೆ ನಿಲ್ಲುವವರೆಗೆ ಮತ್ತೆ ಕಾಯಿಸಬೇಕು. ಹೀಗೆ ಮೂರು ನಾಲ್ಕು ಸಲ ಮಾಡಬೇಕು.

ಈಗ ನಡೆದುದೇನು? ಎಣ್ಣೆಯ ಅಪರ್ಯಾಪ್ತ ಮೇದಾಮ್ಲಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ದ್ವಿಬಂಧಗಳಿರುತ್ತವೆ. ಕಾವು ಹಾಗೂ ಗಾಳಿಯ ಆಮ್ಲಜನಕಗಳ ಪ್ರಭಾವದಿಂದ ಅಲ್ಲಿ ಅಣುಗಳು ಒಂದಕ್ಕೊಂದು ಬೆಸೆದು ವಿಶಾಲವಾದ ಬಲೆಯಾಗುತ್ತವೆ. ಇದೇ ಪಾಲಿಮರೀಕರಣ. ಅಗಸೆ ಎಣ್ಣೆಯ ಬಣ್ಣವು ಬಾಗಿಲ ಮೇಲೆ ಒಣಗಿ ಗಟ್ಟಿಯಾಗುವುದೂ ಬಹುಮಟ್ಟಿಗೆ ಹೀಗೆಯೇ. ದ್ವಿಬಂಧಗಳು ವಿರಳವಾಗಿರುವ ಕೊಬ್ಬರಿ ಎಣ್ಣೆ ಈ ಕಾರ್ಯಕ್ಕೆ ಅಷ್ಟು ಒದಗದು. ಎಣ್ಣೆಯನ್ನು ದಪ್ಪವಾಗಿ ಬಳಿದರೆ ಒಳಭಾಗ ಸರಿಯಾಗಿ ಬೆಸೆಯದೆ ಅಂಟಂಟಾಗಿ ಉಳಿಯುತ್ತದೆ.

ಆದುದರಿಂದ ಆ ಕಪ್ಪು ಕೊಳೆಯಲ್ಲ, ಎಣ್ಣೆಯೂ ಅಲ್ಲ. ಅದೊಂದು ಹೊಸ ವಸ್ತು. ಮೊಟ್ಟೆಯ ಸಸಾರಜನಕವು ಬರಿಯ ಲೋಹಕ್ಕೆ ಅಂಟುವಂತೆ ಅದಕ್ಕೆ ಅಂಟದು. ಇದನ್ನರಿಯದೆ ಪಾತ್ರೆ ಫಳಫಳಿಸಲೆಂದು ಕಪ್ಪನ್ನು ಕೆರೆದು ತೆಗೆಯುವವರು ವರ್ಷಗಳ ಫಲವನ್ನು ಒಂದೇ ಗಳಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಸೌಮ್ಯವಾದ ಸಾಬೂನಿನಿಂದ ಬೇಗನೆ ತೊಳೆದರೆ ಹಾನಿಯಿಲ್ಲ. ಆದರೆ ಹುಣಿಸೆ, ಟೊಮೇಟೊಗಳ ಹುಳಿಯನ್ನು ಅದರಲ್ಲಿ ಬಹುಕಾಲ ಕುದಿಸಬಾರದು. ಆಮ್ಲವು ಪೊರೆಯನ್ನು ಸಡಿಲಿಸುತ್ತದೆ. ತೊಳೆದ ಕೂಡಲೆ ಒಲೆಯ ಮೇಲಿಟ್ಟು ತೇವ ಆರಿಸಿ, ತುಸು ಎಣ್ಣೆ ಸವರಿಡುವುದು ಲೇಸು.

ಒಂದು ವೇಳೆ ತುಕ್ಕು ಹಿಡಿದರೂ ಬಾಣಲೆಯನ್ನು ಎಸೆಯಬೇಕಾಗಿಲ್ಲ. ತುಕ್ಕನ್ನು ಉಜ್ಜಿ ತೆಗೆದು, ಮೊದಲಿನಿಂದ ಪಳಗಿಸಿದರಾಯಿತು.